ಕುರಿಮಂದೆಯೊಳಗಿಂದ ತೆಗೆದ ಕಾವಲಿನ ಚಿತ್ರ

ದೂರದ್ದನ್ನು ಹತ್ತಿರಕ್ಕೆಳೆಯುವ 600 ಎಂಎಂ ಲೆನ್ಸ್ ಇಲ್ಲದೆ ಬಯಲಿನಲ್ಲಿ ಕೃಷ್ಣಮೃಗ ಸಿಕ್ಕುವುದಿಲ್ಲ ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ನನ್ನ ಸಾಕ್ಷ್ಯಚಿತ್ರದ ಮುಕ್ಕಾಲು ಪಾಲು ಈಗ ಅದಕ್ಕಿಂತ ಚಿಕ್ಕದಾದ 70–200 ಎಂಎಂ ಲೆನ್ಸಿನಲ್ಲೇ ಇದೆ. ಅದಕ್ಕೇ ಈ ಬರಹ.

ವಿಷಯ ಚಿತ್ರದುರ್ಗ, ತುಮಕೂರು ಕಡೆಯ ಅಮೃತಮಹಲ್ ಕಾವಲುಗಳು. ಒಡೆಯರ ಕಾಲದ ಬೆಣ್ಣೆ ಚಾವಡಿಯ, ಅಂದರೆ ಅರಮನೆಯ ದನಗಳ ಇಲಾಖೆಯ, ದನಗಳು ಮೇಯಲೆಂದು ಬಿಟ್ಟ ಹುಲ್ಲುಗಾವಲು. ಚಾವಡಿಗೆ ಅಮೃತಮಹಲ್ ಎಂದು ಹೆಸರು ಬದಲಿಸಿದವನು ಟಿಪ್ಪು. ಒಂದು ಕಾಲಕ್ಕೆ ಸುಮಾರು 4 ಲಕ್ಷ ಎಕರೆ ಇದ್ದದ್ದು ಇಂದು ಚೂರುಪಾರು. ಚಿತ್ರಕ್ಕೆ ಹಣ ಹಾಕುವವರದೆಲ್ಲ ಒಂದೇ ಪ್ರಶ್ನೆ: ಹುಲಿ ಇದೆಯೇ? ಇಲ್ಲವೆಂದರೆ ಕಾಫಿ ಕುಡಿಸಿ ಕಳುಹಿಸುತ್ತಿದ್ದರು. ಅನುಮತಿ ಪತ್ರಕ್ಕೆ ಮೂರು ಕಚೇರಿ ಅಲೆದೆ. ಆ ನೆಲ ತಮ್ಮದೆಂದು ಒಪ್ಪಿಕೊಳ್ಳಲು ಮೂರರವರಿಗೂ ಮನಸ್ಸಿರಲಿಲ್ಲ.

ಮೊದಲ ಬೇಸಿಗೆ ಬಾಡಿಗೆಯ 600 ಎಂಎಂ ಲೆನ್ಸ್, ದಿನಕ್ಕೆ ಮೂರು ಸಾವಿರದ ಆಸುಪಾಸು. ಬೆಳಿಗ್ಗೆ ಎಂಟು ದಾಟಿತೆಂದರೆ ನೆಲದ ಕಾವು ಎದ್ದು ಪ್ರಾಣಿಯ ಕಾಲುಗಳೇ ಕದಡಿಹೋಗುತ್ತಿದ್ದವು. ಲೆನ್ಸ್ ಉದ್ದವಾದಷ್ಟೂ ಕದಡುವುದು ಹೆಚ್ಚು. ಹತ್ತಿರ ಹೋಗೋಣವೆಂದರೆ ಮರೆ ಎಲ್ಲಿದೆ? ಮರೆಗುಡಾರ ಹಾಕಿದರೆ ಅಲ್ಲಿಯ ಗಾಳಿಗೆ ಪಟಪಟ ಬಡಿದು ಹಿಂಡನ್ನೇ ಓಡಿಸಿತು. ಡ್ರೋನ್ ಕೇಳಲೇಬೇಡಿ. ಬಾಡಿಗೆ, ಡೀಸೆಲ್ ಎಲ್ಲ ಸೇರಿ ಒಂದೂವರೆ ಲಕ್ಷ ಕರಗಿತು. ಬಳಸುವಂಥ ತುಣುಕು ಐದು ನಿಮಿಷವೂ ಇರಲಿಲ್ಲ.

ಅದೇ ಹಿಂಡು ಕುರಿಮಂದೆ ಪಕ್ಕದಲ್ಲೇ ಹಾದುಹೋದರೂ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿತ್ತು. ಕುರಿಗಾಹಿ ಅಜ್ಜನನ್ನು ಕೇಳಿದೆ. "ಜೀಪು ಹಟ್ಟಿಯಲ್ಲೇ ಬಿಟ್ಟು ಬಾರಪ್ಪ, ಕಂಬಳಿ ಹೊದ್ದುಕೋ" ಎಂದರು. ದಿನಗೂಲಿಯ ಲೆಕ್ಕದಲ್ಲಿ ಅವರಿಗೆ ದುಡ್ಡು ಕೊಟ್ಟು ಮಂದೆಯ ಜೊತೆ ನಡೆಯತೊಡಗಿದೆ. ಟ್ರೈಪಾಡ್ ಇಲ್ಲ, ಕೋಲಿನಂಥ ಮೊನೊಪಾಡ್ ಮಾತ್ರ. ಹುಲ್ಲಿನ ಗರಿಗೆ ಆಟೋಫೋಕಸ್ ತಡಕಾಡುವುದರಿಂದ ಕೈಯಲ್ಲೇ ಫೋಕಸ್. ಪ್ರಾಣಿಯ ಕಡೆಗೆ ನೇರ ಹೋಗಬಾರದು. ಕುರಿ ಎತ್ತ ಮೇಯುತ್ತದೋ ಅತ್ತ. ಮೂರನೆಯ ವಾರದ ಹೊತ್ತಿಗೆ ಮೂವತ್ತು ನಲವತ್ತು ಮೀಟರಿನಲ್ಲಿ ಕೊಂಬು ತಾಗಿಸಿ ಕಾದಾಡುವ ಗಂಡುಗಳು ಸಿಕ್ಕವು. ಕಂಬಳಿಯೊಳಗೆ ಕ್ಯಾಮೆರಾ ಹೇಗೆ ಕಟ್ಟಿಕೊಂಡೆ ಎಂಬುದನ್ನು ಮಾತ್ರ ಮುಂದಿನ ಚಿತ್ರ ಮುಗಿಯುವ ತನಕ ಹೇಳುವುದಿಲ್ಲ.

ಬೋನಸ್ಸಾಗಿ ತೋಳ! ಅದಕ್ಕೆ ನನ್ನ ಮೇಲೆ ಆಸಕ್ತಿಯಿರಲಿಲ್ಲ, ಮಂದೆಯ ಮೇಲಿತ್ತು. ಒಂದು ಮರಿ ಹೋಯಿತು. ಅದರ ಬೆಲೆ ಕೊಡಲು ಹೋದರೆ ತೆಗೆದುಕೊಳ್ಳಲು ಅಜ್ಜ ಒಪ್ಪಲಿಲ್ಲ, ಕೊನೆಗೆ ಮಗನ ಕೈಗಿಟ್ಟು ಬಂದೆ. "ತೋಳದ ಪಾಲು" ಎಂಬ ಅವರ ಮಾತು ಚಿತ್ರದಲ್ಲಿದೆ. ನಿರೂಪಣೆಯ ಎರಡು ಪುಟ ಬರೆಯುವುದು ಅದರಿಂದಲೇ ತಪ್ಪಿತು.

ಈ ವಿಧಾನದಲ್ಲಿ ಶಬ್ದ ಪೂರ್ತಿ ನಷ್ಟ: ಬರೀ ಬ್ಯಾ ಬ್ಯಾ. ಹಾಗಾಗಿ ರೆಕಾರ್ಡರಿಗೆ ತುಪ್ಪಳದ ಹೊದಿಕೆ ಹಾಕಿ ರಾತ್ರಿಯೇ ತಂಗಡಿ ಪೊದೆಯ ಬುಡದಲ್ಲಿಟ್ಟು ಬರುತ್ತಿದ್ದೆ. ಅಲ್ಲಿಯ ಗಾಳಿ ವಿದ್ಯುತ್ ಯಂತ್ರಗಳ ಗುಂಯ್‌ಗಾಟ ಕೆಳಗಿನ ಆವರ್ತನದಲ್ಲಿರುತ್ತದೆ, ಕತ್ತರಿಸಿದರೂ ನೆಲಗುಬ್ಬಿಯ ದನಿಗೆ ಪೆಟ್ಟಿಲ್ಲ. ಮೇಕೆಗಳ ಹಿಂದೆಯೂ ನಡೆದು ನೋಡಿದೆ. ಅವು ಬಳ್ಳಾರಿ ಜಾಲಿಯ ಪೊದೆ ನುಗ್ಗುತ್ತವೆ, ಕ್ಯಾಮೆರಾಕ್ಕೂ ಮೈಗೂ ಮುಳ್ಳು. ಕುರಿಯೇ ವಾಸಿ.

ಒಟ್ಟು ಖರ್ಚು ನಾಲ್ಕು ಲಕ್ಷದೊಳಗೆ, ವಾಹಿನಿಯಿಂದ ಬಂದದ್ದು ಅದಕ್ಕಿಂತ ತುಸು ಕಡಿಮೆ. 600 ಎಂಎಂ ಲೆನ್ಸಿನ ಬಾಡಿಗೆ ಉಳಿದದ್ದರಿಂದ ಹೊಸ ರೆಕಾರ್ಡರ್ ಕೊಂಡಿದ್ದೇನೆ.