ಮನೆಯಲ್ಲೇ ಕಿಲ್ಟ್ ಹೊಲಿಯುವವರಿಗೆ: ಇಪ್ಪತ್ತು ನೆರಿಗೆಗಳ ಲೆಕ್ಕ

ಸೊಂಟದಿಂದ ಮಂಡಿಯವರೆಗೆ ಬರುವ, ಹಿಂಭಾಗದಲ್ಲಿ ನೆರಿಗೆಗಳಿರುವ ಸ್ಕಾಟ್ಲೆಂಡಿನ ಉಡುಪಾದ ಕಿಲ್ಟನ್ನು ಮೊದಲ ಸಲ ಹೊಲಿಯಲು ಕೂರುವವರು ಹೊಲಿಗೆಗೆ ಹೆದರುವುದುಂಟು. ನಿಜಕ್ಕೂ ಹೊಲಿಗೆಯಲ್ಲಿ ಕಷ್ಟವೇನಿಲ್ಲ. ಸೂಜಿಗೆ ದಾರ ಪೋಣಿಸಿ ಒಂದೇ ಸಮನಾದ ಸಣ್ಣ ಹೊಲಿಗೆ ಹಾಕಬಲ್ಲ ಯಾರಿಗಾದರೂ ಅದು ಬರುತ್ತದೆ. ಎಚ್ಚರ ಬೇಕಾಗಿರುವುದು ಅಳತೆಯಲ್ಲಿ. ಒಂದೊಂದು ನೆರಿಗೆಯಲ್ಲಿ ಒಂದೇ ಮಿಲಿಮೀಟರ್ ತಪ್ಪಿದರೂ ಇಪ್ಪತ್ತು ನೆರಿಗೆ ಮುಗಿಯುವಷ್ಟರಲ್ಲಿ ಸೊಂಟ ಎರಡು ಸೆಂಟಿಮೀಟರ್ ಸಡಿಲವಾಗಿಯೋ ಬಿಗಿಯಾಗಿಯೋ ಬಂದಿರುತ್ತದೆ.

ಹಿಂದಿನ ಕಾಲದ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಗುಡ್ಡಗಾಡು ಪ್ರದೇಶ) ಜನರಿಗೆ ಈ ತೊಂದರೆ ಇರಲಿಲ್ಲ. ಅವರು ಉಡುತ್ತಿದ್ದ ದೊಡ್ಡ ಕಿಲ್ಟ್ ಹೊಲಿಯದ ಉದ್ದನೆಯ ಉಣ್ಣೆಬಟ್ಟೆ. ಸೀರೆ ಉಡುವಾಗ ಪ್ರತಿದಿನ ಹೊಸದಾಗಿ ನೆರಿಗೆ ಹಿಡಿಯುವಂತೆ ಅವರೂ ಕೈಯಲ್ಲೇ ನೆರಿಗೆ ಕೂಡಿಸಿ, ಮೇಲೆ ಬೆಲ್ಟು ಬಿಗಿದು, ಉಳಿದ ಬಟ್ಟೆಯನ್ನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದರು. ಕೆಳಭಾಗವಷ್ಟೇ ಇರುವ ಚಿಕ್ಕ ಕಿಲ್ಟ್ 18ನೆಯ ಶತಮಾನದಲ್ಲಿ ಬಳಕೆಗೆ ಬಂತು. 1746ರ ಕಾಯಿದೆ ಹೈಲ್ಯಾಂಡ್ ಉಡುಪನ್ನು ನಿಷೇಧಿಸಿತು, 1782ರಲ್ಲಿ ಆ ನಿಷೇಧ ರದ್ದಾಯಿತು, ಮತ್ತು ಆ ಶತಮಾನದ ಕೊನೆಯ ವರ್ಷಗಳಲ್ಲಿ ನೆರಿಗೆಗಳನ್ನು ಹೊಲಿದು ಕಾಯಂ ಆಗಿ ಕೂರಿಸುವ ಪದ್ಧತಿ ಬೆಳೆಯಿತು. ಬೆಲ್ಟಿನ ನೆರಿಗೆಯನ್ನು ಮರುದಿನ ತಿದ್ದಿಕೊಳ್ಳಬಹುದಿತ್ತು. ಹೊಲಿದ ನೆರಿಗೆಗೆ ಆ ಅವಕಾಶವಿಲ್ಲದ ಕಾರಣ ಎಲ್ಲ ಲೆಕ್ಕವನ್ನೂ ಮೊದಲೇ ಮಾಡಿಟ್ಟುಕೊಳ್ಳಬೇಕು.

ಸಾಂಪ್ರದಾಯಿಕ ಕಿಲ್ಟಿಗೆ ಎಂಟು ಗಜ ಬಟ್ಟೆ ಹಿಡಿಯುತ್ತದೆ. ಮೊದಲ ಪ್ರಯತ್ನಕ್ಕೆ ಅಷ್ಟು ಬೇಡ; ಐದೂಕಾಲು ಗಜದಲ್ಲಿ ಚೆನ್ನಾಗಿ ಬೀಳುವ ಕಿಲ್ಟ್ ತಯಾರಾಗುತ್ತದೆ, ಕೈಗೂ ಭಾರವಾಗುವುದಿಲ್ಲ. ಕಿಲ್ಟಿಗೆ ಬಳಸುವ ಟಾರ್ಟನ್, ಅಂದರೆ ಬಣ್ಣದ ಗೆರೆಗಳ ಚೌಕಳಿ ಬಟ್ಟೆ, ಸಾಮಾನ್ಯವಾಗಿ 54ರಿಂದ 60 ಅಂಗುಲ ಪನ್ನದಲ್ಲಿ ಸಿಗುವುದರಿಂದ ಅದನ್ನು ಉದ್ದಕ್ಕೆ ಎರಡಾಗಿ ಸೀಳಿ, ತುದಿಗೆ ತುದಿ ಜೋಡಿಸಿ, ಆ ಜೋಡಣೆಯನ್ನು ಒಂದು ನೆರಿಗೆಯ ಒಳಗೆ ಮರೆಮಾಡುತ್ತಾರೆ. ಹಾಗಾಗಿ ಮೂರು ಗಜ ಕೊಂಡರೆ ಸಾಕು. ಗಜಕ್ಕೆ 13 ಔನ್ಸ್ ತೂಗುವ, ಬಿಗಿಯಾಗಿ ನೂತ ಉಣ್ಣೆಯ ಬಟ್ಟೆಯನ್ನು ಆರಿಸಿಕೊಳ್ಳಿ. ಕಿಲ್ಟಿನ ಕೆಳ ಅಂಚನ್ನು ಮಡಿಸಿ ಹೊಲಿಯುವುದಿಲ್ಲ, ಮಗ್ಗದಲ್ಲಿ ನೇಯ್ದ ಅಂಚೇ ಕೆಳಗೆ ಕಾಣುತ್ತದೆ. ಆದ್ದರಿಂದ ಕೊಳ್ಳುವಾಗಲೇ ಬಟ್ಟೆಯ ಎರಡೂ ಅಂಚುಗಳು ನಯವಾಗಿವೆಯೇ, ಅಂಚಿನಿಂದ ಒಳಕ್ಕೆ ಗೆರೆಗಳು ಎರಡೂ ಬದಿಯಲ್ಲಿ ಒಂದೇ ಅಂತರದಲ್ಲಿ ಬಂದಿವೆಯೇ ಎಂದು ನೋಡಿಕೊಳ್ಳಿ. ಯಾವ ಟಾರ್ಟನ್ ಎಂಬುದು ನಿಮ್ಮ ಇಷ್ಟ. ಸ್ಕಾಟ್ಲೆಂಡಿನ ಕುಲಗಳಿಗೆ ತಮ್ಮದೇ ಟಾರ್ಟನ್‌ಗಳಿರುತ್ತವೆ; ಅಂಥ ಕುಲದ ಸಂಬಂಧವಿಲ್ಲದವರು ಎಲ್ಲರೂ ಧರಿಸುವ ಬ್ಲ್ಯಾಕ್ ವಾಚ್ ಮಾದರಿಯನ್ನು ಆರಿಸುವುದುಂಟು. ಆದರೆ ಅದರ ಕಡುಹಸಿರು, ಕಡುನೀಲಿಯ ನಡುವೆ ಗೆರೆ ಗುರುತಿಸುವುದು ರಾತ್ರಿಯ ದೀಪದಲ್ಲಿ ಕಷ್ಟವಾಗುವುದರಿಂದ, ಎದ್ದು ಕಾಣುವ ಒಂದು ತೆಳು ಗೆರೆಯಿರುವ ಬಟ್ಟೆಯೇ ಕಲಿಯುವವರಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಅಳತೆಗಳು ಮೂರು. ಸೊಂಟದ ಅಳತೆಯನ್ನು ಪ್ಯಾಂಟು ನಿಲ್ಲುವ ಜಾಗದಲ್ಲಿ ತೆಗೆಯಬಾರದು. ಕಿಲ್ಟ್ ನಿಲ್ಲುವುದು ಹೊಕ್ಕುಳಿನ ಮಟ್ಟದಲ್ಲಿ, ಅಲ್ಲೇ ಟೇಪು ಸುತ್ತಬೇಕು. ಎರಡನೆಯದು ದರ್ಜಿಗಳು ಸೀಟು ಎನ್ನುವ, ಹಿಂಭಾಗದ ಅತಿ ಅಗಲವಾದ ಜಾಗದ ಸುತ್ತಳತೆ. ಮೂರನೆಯದು ಸೊಂಟದಿಂದ ಮಂಡಿಚಿಪ್ಪಿನ ನಡುವಿನವರೆಗಿನ ಉದ್ದ. ಬಗ್ಗಿ ನೋಡಿದರೆ ಟೇಪು ಜಾರುವುದರಿಂದ ಇವನ್ನು ಬೇರೆಯವರಿಂದ ತೆಗೆಸಿಕೊಳ್ಳುವುದು ಲೇಸು.

ಈಗ ಲೆಕ್ಕ. ಸೊಂಟ 34 ಅಂಗುಲ, ಸೀಟು 40, ಉದ್ದ 24 ಎಂದಿಟ್ಟುಕೊಳ್ಳೋಣ. ಮುಂಭಾಗದ ನೆರಿಗೆಯಿಲ್ಲದ ಚಪ್ಪಟೆ ಭಾಗವನ್ನು ಏಪ್ರನ್ ಎನ್ನುತ್ತಾರೆ. ಒಂದರ ಮೇಲೊಂದು ಕೂರುವ ಎರಡು ಏಪ್ರನ್‌ಗಳಿರುತ್ತವೆ. ಸುತ್ತಳತೆಯ ಅರ್ಧ ಏಪ್ರನ್ನಿಗೆ, ಅರ್ಧ ನೆರಿಗೆಗಳಿಗೆ. ಅಂದರೆ ನೆರಿಗೆಗಳ ಭಾಗ ಸೊಂಟದಲ್ಲಿ 17 ಅಂಗುಲ, ಸೀಟಿನಲ್ಲಿ 20 ಅಂಗುಲ ಇರಬೇಕು. ಟಾರ್ಟನ್ನಿನಲ್ಲಿ ಗೆರೆಗಳ ಒಂದು ಪೂರ್ಣ ಆವರ್ತನೆಗೆ ಸೆಟ್ ಎಂದು ಹೆಸರು. ನಮ್ಮ ಬಟ್ಟೆಯ ಸೆಟ್ 6 ಅಂಗುಲದ್ದಾಗಿದ್ದು, ಪ್ರತಿ ಸೆಟ್ಟಿಗೆ ಒಂದರಂತೆ ಇಪ್ಪತ್ತು ನೆರಿಗೆ ಹಾಕಿದರೆ 120 ಅಂಗುಲ ಬಟ್ಟೆ ಬೇಕು. ಎರಡು ಏಪ್ರನ್‌ಗಳಿಗೆ 40 ಅಂಗುಲ, ಅವುಗಳ ಪಕ್ಕದ ಆಳವಾದ ಮಡಿಕೆಗಳಿಗೆ, ಅಂಚುಗಳಿಗೆ ಮತ್ತು ಜೋಡಣೆಗೆ 25 ಅಂಗುಲ ಸೇರಿಸಿದರೆ ಒಟ್ಟು 185 ಅಂಗುಲ. ಐದೂಕಾಲು ಗಜವೆಂದರೆ 189 ಅಂಗುಲ, ಆದ್ದರಿಂದ ಬಟ್ಟೆ ಸಾಲುತ್ತದೆ.

ಪ್ರತಿ ಸೆಟ್ಟಿಗೆ ಒಂದು ನೆರಿಗೆ ಎಂದರೆ, ಆ ಸೆಟ್ಟಿನಲ್ಲಿ ಒಮ್ಮೆ ಮಾತ್ರ ಬರುವ ಗೆರೆ ಎಲ್ಲ ನೆರಿಗೆಗಳ ನಡುವೆಯೂ ಕಾಣುತ್ತದೆ. ಸೇನೆಯ ಪದ್ಧತಿ ಇದೇ. ಗಾರ್ಡನ್ ಹೈಲ್ಯಾಂಡರ್ಸ್ ಪಡೆಯ ಕಿಲ್ಟುಗಳಲ್ಲಿ ಹಿಂದಿನಿಂದ ಹಳದಿ ಗೆರೆ ಸಾಲಾಗಿ ಕಾಣುತ್ತಿದ್ದುದು ಹೀಗೆ. ನೆರಿಗೆ ಹಾಕಿದ ಮೇಲೂ ಬಟ್ಟೆಯ ಚೌಕಳಿ ಅಖಂಡವಾಗಿ ತೋರುವಂತೆ ಮಡಿಸುವ ಇನ್ನೊಂದು ಪದ್ಧತಿಯಿದೆ, ಅದು ಬಹಳ ಸುಂದರ. ಆದರೆ ಅಲ್ಲಿ ಪ್ರತಿ ನೆರಿಗೆಯಲ್ಲೂ ಬೇರೆ ಬೇರೆ ಬಣ್ಣದ ತುಣುಕು ಮೇಲೆ ಬರುವುದರಿಂದ ತಪ್ಪು ಬೇಗ ಗೊತ್ತಾಗುವುದಿಲ್ಲ. ಗೆರೆಯ ಪದ್ಧತಿಯಲ್ಲಿ ಗೆರೆಯೇ ಕಾವಲುಗಾರ: ಅದು ನಡುವೆ ಇಲ್ಲದಿದ್ದರೆ ಕೂಡಲೇ ಕಣ್ಣಿಗೆ ಬೀಳುತ್ತದೆ.

ಸೊಂಟದಿಂದ ಸೀಟಿನವರೆಗೆ ನೆರಿಗೆಗಳನ್ನು ಹೊಲಿದು ಕೂರಿಸುವ ಭಾಗಕ್ಕೆ ಫೆಲ್ ಎನ್ನುತ್ತಾರೆ. ಇದು ಉದ್ದದ ಮೂರನೆಯ ಒಂದು ಪಾಲು, ನಮ್ಮ ಲೆಕ್ಕದಲ್ಲಿ 8 ಅಂಗುಲ. ಪ್ರತಿ ನೆರಿಗೆಯ ಅಗಲ ಫೆಲ್ಲಿನ ಬುಡದಲ್ಲಿ 1 ಅಂಗುಲ, ಸೊಂಟದಲ್ಲಿ 0.85 ಅಂಗುಲ; ವ್ಯತ್ಯಾಸ ಸುಮಾರು 4 ಮಿಲಿಮೀಟರ್. ಗೆರೆ ನಡುವಿನಲ್ಲೇ ಉಳಿಯಬೇಕಾದರೆ ಎರಡೂ ಬದಿಯಿಂದ 2 ಮಿಲಿಮೀಟರಿನಷ್ಟು ಕಡಿಮೆ ಮಾಡಬೇಕು. ಇದನ್ನು ಇಪ್ಪತ್ತು ಸಲ ಟೇಪಿನಿಂದ ಅಳೆಯುವುದಕ್ಕಿಂತ, ಗಟ್ಟಿ ರಟ್ಟಿನಲ್ಲಿ ಇದೇ ಅಳತೆಯ ಪಟ್ಟಿಯೊಂದನ್ನು ಕತ್ತರಿಸಿ ಅದರ ನಡುವೆ ಒಂದು ಗೆರೆ ಎಳೆದಿಟ್ಟುಕೊಳ್ಳಿ. ರಟ್ಟಿನ ಗೆರೆಯನ್ನು ಬಟ್ಟೆಯ ಗೆರೆಯ ಮೇಲೆ ಕೂರಿಸಿ ಎರಡೂ ಬದಿಗೆ ದರ್ಜಿಯ ಸೀಮೆಸುಣ್ಣದಿಂದ ಗುರುತು ಹಾಕಿದರಾಯಿತು. ಒಂದು ಗುರುತು ಮಡಿಸುವ ಅಂಚು, ಇನ್ನೊಂದು ಪಕ್ಕದ ನೆರಿಗೆಯ ಅಂಚು ಬಂದು ಕೂರುವ ಸ್ಥಳ.

ಮಡಿಕೆಗಳೆಲ್ಲ ಒಂದೇ ದಿಕ್ಕಿಗೆ ಇರಬೇಕು. ಒಂದು ನೆರಿಗೆಯನ್ನು ಮಡಿಸಿ, ಅಡ್ಡಗೆರೆಗಳು ಪಕ್ಕದ ನೆರಿಗೆಯ ಅಡ್ಡಗೆರೆಗಳಿಗೆ ಸರಿಯಾಗಿ ಸೇರುವಂತೆ ಗುಂಡುಸೂಜಿ ಚುಚ್ಚಿ, ಬಟ್ಟೆಯ ಬಣ್ಣಕ್ಕೆ ಹೊಂದುವ ದಾರದಿಂದ ಹೊರಬದಿಯಲ್ಲಿ ಅಂಚಿಗೆ ಒತ್ತಿ ಸಣ್ಣ ಓರೆ ಹೊಲಿಗೆ ಹಾಕಿ. ಅಂಗುಲಕ್ಕೆ ಹತ್ತು ಹೊಲಿಗೆ ಬಿದ್ದರೆ ಅದು ಗಟ್ಟಿ. ಯಂತ್ರದ ಹೊಲಿಗೆ ಬೇಗ ಆಗುತ್ತದೆ ನಿಜ, ಆದರೆ ಪಾದದ ಕೆಳಗೆ ಬಟ್ಟೆ ಸರಿದು ಅಡ್ಡಗೆರೆಗಳು ಮೆಟ್ಟಿಲಿನಂತೆ ಏರಿಳಿಯುತ್ತವೆ. ನನ್ನ ಮೊದಲ ಕಿಲ್ಟಿನ ನಾಲ್ಕು ನೆರಿಗೆಗಳನ್ನು ಈ ಕಾರಣಕ್ಕೆ ಬಿಚ್ಚಬೇಕಾಯಿತು, ಆಮೇಲೆ ಫೆಲ್ಲಿಗೆ ಯಂತ್ರ ಮುಟ್ಟಿಸಿಲ್ಲ. ಐದೈದು ನೆರಿಗೆ ಆದಾಗಲೆಲ್ಲ ನಿಲ್ಲಿಸಿ ಅಳೆಯಿರಿ: ಬುಡದಲ್ಲಿ 5 ಅಂಗುಲ, ಸೊಂಟದಲ್ಲಿ ನಾಲ್ಕೂಕಾಲು ಅಂಗುಲ ಬರಬೇಕು. ಬರದಿದ್ದರೆ ಮುಂದಿನ ಐದರಲ್ಲಿ ಸರಿದೂಗಿಸೋಣ ಎನ್ನದೆ ಆಗಲೇ ಬಿಚ್ಚಿ ಸರಿಪಡಿಸಿ. ಎಂಟು ಗಜದ ಕಿಲ್ಟಿನಲ್ಲಿ ದಪ್ಪ ತಗ್ಗಿಸಲು ಫೆಲ್ಲಿನ ಒಳಗಿನ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆಯುತ್ತಾರೆ. ಇಲ್ಲಿ ಅದರ ಅಗತ್ಯವಿಲ್ಲ, ಕತ್ತರಿಸದಿದ್ದರೆ ಮುಂದೆ ಮೈ ದಪ್ಪವಾದಾಗ ಬಿಚ್ಚಿ ಹಿಗ್ಗಿಸಲೂ ಬಹುದು.

ಏಪ್ರನ್‌ಗಳ ಪಕ್ಕದ ಅಂಚುಗಳನ್ನು ಸೊಂಟದಿಂದ ಸೀಟಿನವರೆಗೆ ಸ್ವಲ್ಪ ಬಾಗಿಸಿ, ಅಲ್ಲಿಂದ ಕೆಳಕ್ಕೆ ತುಸು ಅಗಲವಾಗುವಂತೆ ಮಡಿಸಿ. ನೆರಿಗೆಯಲ್ಲಿ ಆರಿಸಿದ ಗೆರೆಯೇ ಮೇಲಿನ ಏಪ್ರನ್ನಿನ ಸರಿಮಧ್ಯದಲ್ಲಿದ್ದರೆ ಚೆಂದ. ಧರಿಸುವವರ ಬಲಕ್ಕೆ ಬರುವ ಅದರ ಅಂಚಿಗೆ ಉದ್ದ ಎಳೆಗಳನ್ನು ಬಿಡಿಸಿ ಕುಚ್ಚಿನಂತೆ ಕಾಣಿಸುವುದು ವಾಡಿಕೆ.

ಒಳಗಿನ ಕೆಲಸ ಹೊರಗೆ ಕಾಣದಿದ್ದರೂ ಕಿಲ್ಟಿನ ಆಯುಷ್ಯವೆಲ್ಲ ಅದರಲ್ಲಿದೆ. ಫೆಲ್ಲಿನ ಹಿಂದೆ, ನೆರಿಗೆಗಳ ಒಳಪದರಗಳನ್ನು ಒಂದಕ್ಕೊಂದು ಬಿಗಿಯುವ ಅಡ್ಡ ಹೊಲಿಗೆಯೊಂದನ್ನು ಹಾಕಿದರೆ ಬಟ್ಟೆಯ ಭಾರ ಹೊರಗಿನ ಹೊಲಿಗೆಯನ್ನು ಜಗ್ಗುವುದಿಲ್ಲ. ಅದರ ಮೇಲೆ ಈ ಕಡೆಯಿಂದ ಆ ಕಡೆಗೆ ಕ್ಯಾನ್ವಾಸ್ ಹೊಲಿಯಿರಿ. ಬಕಲ್ ಬಿಗಿದಾಗ ಎಳೆತ ತಡೆಯುವುದು ಕ್ಯಾನ್ವಾಸೇ ಹೊರತು ಟಾರ್ಟನ್ ಅಲ್ಲ. ಮೇಲ್ಬದಿಯಲ್ಲಿ ಉಳಿದ ಬಟ್ಟೆಯಿಂದ ಸೊಂಟಪಟ್ಟಿ ಕೂರಿಸಿ, ಕೊನೆಗೆ ಹತ್ತಿಯ ಲೈನಿಂಗಿನಿಂದ ಎಲ್ಲವನ್ನೂ ಮುಚ್ಚಿ.

ಒಳ ಏಪ್ರನ್ನಿನ ತುದಿಯ ಚರ್ಮದ ಪಟ್ಟಿ ಎಡಬದಿಯ ಒಂದು ಸೀಳಿನಿಂದ ಹೊರಬಂದು ಅಲ್ಲಿನ ಬಕಲಿಗೆ ಸೇರುತ್ತದೆ. ಮೇಲಿನ ಏಪ್ರನ್ನಿನ ಪಟ್ಟಿ ಬಲಬದಿಯ ಬಕಲಿಗೆ. ಇವನ್ನು ಮೊದಲು ಕಚ್ಚಾ ಹೊಲಿಗೆಯಲ್ಲಿ ಕೂರಿಸಿ, ಕಿಲ್ಟನ್ನು ತೊಟ್ಟು ನೋಡಿದ ಮೇಲೆ ಗಟ್ಟಿಯಾಗಿ ಹೊಲಿಯಿರಿ.

ಇಸ್ತ್ರಿ ಕೊನೆಯದು. ಫೆಲ್ಲಿನಿಂದ ಕೆಳಗೆ ಪ್ರತಿ ನೆರಿಗೆಯನ್ನೂ ಅಂಚಿನವರೆಗೆ ನೇರವಾಗಿ ಜೋಡಿಸಿ ಮೂರು ಸಾಲು ಕಚ್ಚಾ ಹೊಲಿಗೆ ಹಾಕಿ, ಒದ್ದೆ ಹತ್ತಿಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡದೆ ಒತ್ತಿ ಎತ್ತಿ ಒತ್ತಿ ಎತ್ತಿ ಮುಂದೆ ಸಾಗಿ. ಬಿಸಿ ಆರಿ ತೇವ ಪೂರ್ತಿ ಹೋಗುವವರೆಗೆ, ಸಾಧ್ಯವಾದರೆ ಒಂದು ರಾತ್ರಿ, ಮೇಜಿನ ಮೇಲಿಂದ ಅಲುಗಿಸಬೇಡಿ. ಬೆಳಿಗ್ಗೆ ಕಚ್ಚಾ ದಾರಗಳನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಉದ್ದಕ್ಕೆ ಜಗ್ಗಿದರೆ ಉಣ್ಣೆಯ ಎಳೆ ಕೀಳುತ್ತದೆ. ಕಿಲ್ಟ್ ಪಿನ್ ಚುಚ್ಚುವವರು ಮೇಲಿನ ಏಪ್ರನ್ನಿಗೆ ಮಾತ್ರ ಚುಚ್ಚಬೇಕು. ಎರಡೂ ಪದರಕ್ಕೆ ಸೇರಿಸಿ ಚುಚ್ಚಿದರೆ ಕುಳಿತು ಏಳುವಾಗ ಬಟ್ಟೆ ಹರಿಯುತ್ತದೆ.