ಕೊಡಗಿನ ಮನೆಗಳಲ್ಲಿ ಬೂಷ್ಟು ಹಿಡಿದ ರೆಕಾರ್ಡುಗಳನ್ನು ತೊಳೆಯುವ ಕ್ರಮ

ಬಯಲುಸೀಮೆಯಲ್ಲಿ ಗ್ರಾಮಫೋನ್ ರೆಕಾರ್ಡುಗಳನ್ನು ಹೆಚ್ಚಾಗಿ ಕಾಡುವುದು ಧೂಳು; ಕೊಡಗಿನಲ್ಲಿ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಬೀರುವಿನಲ್ಲಿ ಮುಚ್ಚಿಟ್ಟ ಎಲ್‌ಪಿಯ (ಲಾಂಗ್ ಪ್ಲೇ ರೆಕಾರ್ಡಿನ) ರಟ್ಟಿನ ಕವರು ತೇವ ಹೀರಿಕೊಂಡು ಬೂಷ್ಟು ಹಿಡಿಯುತ್ತದೆ, ಅದು ಒಳಗವಚದ ಕಾಗದವನ್ನು ದಾಟಿ ತಟ್ಟೆಯ ಗೆರೆಗಳಿಗೂ ಇಳಿಯುತ್ತದೆ. ಆದ್ದರಿಂದ ಇಲ್ಲಿ ತೊಳೆಯುವುದಕ್ಕಿಂತ ಒಣಗಿಸುವುದೇ ಹೆಚ್ಚು ಎಚ್ಚರ ಬೇಡುವ ಕೆಲಸ. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಇದಕ್ಕೆ ಕೈಹಾಕದೆ, ಡಿಸೆಂಬರ್ ನಂತರದ ಒಣ ದಿನಗಳಿಗೆ ಕಾಯುವುದು ಲೇಸು.

ಮೊದಲು ತಟ್ಟೆ ಯಾವ ವಸ್ತುವಿನದೆಂದು ನೋಡಬೇಕು. ಲೇಬಲ್ಲಿನ ಮೇಲೆ ನಿಮಿಷಕ್ಕೆ 33⅓ ಸುತ್ತು ಎಂದಿದ್ದರೆ, ಅಂದರೆ 1948ರಲ್ಲಿ ಮಾರುಕಟ್ಟೆಗೆ ಬಂದ ಎಲ್‌ಪಿ ಮಾದರಿಯದಾದರೆ, ಅದು ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. 78 ಎಂದಿದ್ದು, ತೂಕವಾಗಿ, ಬಾಗದೆ ಬಿರುಸಾಗಿದ್ದರೆ ಅದು ಬಹುಮಟ್ಟಿಗೆ ಅರಗಿನ ತಟ್ಟೆ. ಅರಗು ಆಲ್ಕೋಹಾಲಿನಲ್ಲಿ ಕರಗುವುದರಿಂದ ಅದಕ್ಕೆ ಸ್ಪಿರಿಟ್ಟನ್ನಾಗಲಿ ಸ್ಯಾನಿಟೈಸರನ್ನಾಗಲಿ ಸೋಕಿಸಲೇಬಾರದು.

ಬೂಷ್ಟು ಕಾಣುವ ತಟ್ಟೆಗಳನ್ನು ಮನೆಯೊಳಗೆ ಕೊಡವದೆ, ಮಾಸ್ಕ್ ಧರಿಸಿ, ಹೊರಗೆ ನೆರಳಿನಲ್ಲಿ ಮೃದುವಾದ ಬ್ರಷ್ಷಿನಿಂದ ಗೆರೆ ಸಾಗುವ ದಿಕ್ಕಿನಲ್ಲೇ ಸವರಿ ತೆಗೆಯಬೇಕು. ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಆರಿದ ಮೇಲೆ ಅದರಲ್ಲಿನ ಲವಣ ಗೆರೆಗಳಲ್ಲಿ ಉಳಿಯುವುದರಿಂದ ಡಿಸ್ಟಿಲ್ಡ್ ವಾಟರನ್ನೇ ಬಳಸಬೇಕು. (ಬ್ಯಾಟರಿ ಅಂಗಡಿಯಲ್ಲಿ ಕೊಳ್ಳುವವರು ಲೇಬಲ್ ಓದಿಯೇ ಕೊಳ್ಳಲಿ, ಆಸಿಡ್ಡಿನ ಕ್ಯಾನೂ ಪಕ್ಕದಲ್ಲೇ ಇರುತ್ತದೆ.) ಒಂದು ಲೀಟರ್ ನೀರಿಗೆ ಬಣ್ಣ, ಸುವಾಸನೆ ಇಲ್ಲದ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಸಾಕು. ಮೈಕ್ರೋಫೈಬರ್ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ನಡುವಿನ ಲೇಬಲ್ ಒದ್ದೆಯಾಗದಂತೆ, ಒತ್ತಡ ಹಾಕದೆ ಸುತ್ತಲೂ ಒರೆಸಬೇಕು. ಸೋಪಿನ ಪಸೆ ಉಳಿದರೆ ಸೂಜಿಗೆ ಅದೇ ಹೊಸ ಕೊಳೆಯಾಗುತ್ತದೆ. ಆದಕಾರಣ ಬರಿಯ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದ ಬೇರೆ ಬಟ್ಟೆಯಿಂದ ಎರಡು ಬಾರಿಯಾದರೂ ಒರೆಸಿ, ಒಣ ಬಟ್ಟೆಯಿಂದ ನೀರನ್ನು ಒತ್ತಿ ತೆಗೆಯಬೇಕು.

ಒಣಗಿಸಲು ಬಿಸಿಲು, ಒಲೆಯ ಬಳಿ, ಹೇರ್ ಡ್ರೈಯರ್ ಮೂರೂ ಸಲ್ಲ, ಏಕೆಂದರೆ ಶಾಖಕ್ಕೆ ವಿನೈಲ್ ಬೇಗ ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ ಬಟ್ಟೆಯ ಬೀರುವಿನೊಳಗೆ ಬಲ್ಬ್ ಉರಿಸಿಡುವ ಉಪಾಯ ರೇಷ್ಮೆ ಸೀರೆಗೆ ಒಪ್ಪಬಹುದು, ರೆಕಾರ್ಡಿಗೆ ಒಪ್ಪದು. ಪಾತ್ರೆಯ ಸ್ಟ್ಯಾಂಡಿಗೆ ಮೆತ್ತನೆಯ ಬಟ್ಟೆ ಹೊದಿಸಿ, ತಟ್ಟೆಗಳನ್ನು ಒಂದಕ್ಕೊಂದು ತಾಗದಂತೆ ನೆಟ್ಟಗೆ ನಿಲ್ಲಿಸಿ, ದೂರದಿಂದ ಫ್ಯಾನಿನ ಗಾಳಿ ಬಿಡಬೇಕು. ಕಣ್ಣಿಗೆ ಒಣಗಿದಂತೆ ಕಂಡ ಮೇಲೂ ಕೆಲವು ಗಂಟೆ ಹಾಗೆಯೇ ಬಿಡುವುದು ಇಲ್ಲಿನ ಹವೆಗೆ ಅಗತ್ಯ.

ಹಳೆಯ ಒಳಗವಚಕ್ಕೆ ತಟ್ಟೆಯನ್ನು ಮರಳಿ ಸೇರಿಸಿದರೆ ಶ್ರಮವೆಲ್ಲ ವ್ಯರ್ಥ. ಪಾಲಿಥೀನ್ ಒಳಪದರವಿರುವ ಹೊಸ ಕವಚಕ್ಕೇ ಸೇರಿಸಬೇಕು. ಬೂಷ್ಟಿನ ವಾಸನೆ ಬರುವ ರಟ್ಟಿನ ಕವರನ್ನು, ಅದರ ಚಿತ್ರಕ್ಕಾಗಿ ಉಳಿಸಿಕೊಳ್ಳುವುದಾದರೆ, ಬೇರೆಯಾಗಿಯೇ ಇಡಬೇಕು. ರೆಕಾರ್ಡುಗಳನ್ನು ಮಲಗಿಸದೆ ನೆಟ್ಟಗೆ ಜೋಡಿಸಿ, ಕಪಾಟನ್ನು ಮಳೆ ಹೊಡೆಯುವ ಹೊರಗೋಡೆಯಿಂದ ಒಂದಿಷ್ಟು ದೂರವಿರಿಸಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಮಳೆಗಾಲದುದ್ದಕ್ಕೂ ಅವನ್ನು ಆಗಾಗ ಬದಲಿಸುತ್ತಿರಬೇಕು.