ಕೌಂಟರ್‌ನಲ್ಲಿ ಕೇಳಿದ ಪ್ರಶ್ನೆಯಿಂದ ಮೊದಲ ವಿಡಿಯೋ

ಲೈಬ್ರರಿಗೆ ಯೂಟ್ಯೂಬ್ ಚಾನೆಲ್ ಮಾಡಿದಾಗ ನಾನು ಮೊದಲು ಹಾಕಿದ್ದು ಕಟ್ಟಡದ ವಿಡಿಯೋ. ಓದುಗರಿಗೆ ಬೇಕಿದ್ದದ್ದು ಬೇರೆಯೇ. ಅದು ದಿನಾ ಕೌಂಟರ್‌ನಲ್ಲೇ ಕೇಳಿಸುತ್ತಿತ್ತು.

ನಿಮ್ಮ ಲೈಬ್ರರಿಗೂ ಚಾನೆಲ್ ಮಾಡುವುದಾದರೆ ನೀವು ಅಲ್ಲಿಂದಲೇ ಶುರು ಮಾಡಿ. ಒಂದು ವಾರ ಜನ ಕೇಳಿದ್ದನ್ನೆಲ್ಲ ಬರೆದುಕೊಳ್ಳಿ. ಜಾಸ್ತಿ ಸಲ ಬಂದ ಪ್ರಶ್ನೆಗೆ ಮೊದಲ ವಿಡಿಯೋ ಮಾಡಿ.

ನನ್ನ ಪಟ್ಟಿಯಲ್ಲಿ ಮೇಲಿದ್ದದ್ದು ಇದು: "ಕಂಪ್ಯೂಟರ್‌ನಲ್ಲಿ ಪುಸ್ತಕ ಇದೆ ಅಂತ ಬರ್ತಿದೆ, ಕಪಾಟಿನಲ್ಲಿ ಇಲ್ಲವಲ್ಲ?" ಪುಸ್ತಕ ಅಲ್ಲೇ ಇರುತ್ತದೆ. ಡ್ಯೂಯಿ ಸಂಖ್ಯೆಯಲ್ಲಿ, ಅಂದರೆ ವಿಷಯದ ಪ್ರಕಾರ ಪುಸ್ತಕದ ಬೆನ್ನಿಗೆ ಅಂಟಿಸುವ ಸಂಖ್ಯೆಯಲ್ಲಿ, 823.12 ಮೊದಲು ಬರುತ್ತದೆ, 823.9 ಆಮೇಲೆ. ಒಂಬತ್ತಕ್ಕಿಂತ ಹನ್ನೆರಡು ದೊಡ್ಡದು ಅಲ್ವಾ ಅಂತ ಓದುಗರು ಮುಂದೆ ಮುಂದೆ ಹುಡುಕುತ್ತಾ ಹೋಗುತ್ತಾರೆ. ಚುಕ್ಕಿಯ ನಂತರದ ಅಂಕಿಗಳನ್ನು ಒಂದೊಂದಾಗಿ ಓದಬೇಕು. ಮೊಬೈಲನ್ನು ಪುಸ್ತಕಗಳಿಂದ ಒಂದು ಗೇಣು ದೂರ ಹಿಡಿದು, ಬೆನ್ನಿನ ಚೀಟಿಗಳ ಮೇಲೆ ಬೆರಳಾಡಿಸುತ್ತಾ ಇಷ್ಟನ್ನೇ ಹೇಳಿದೆ. ಒಂದೂವರೆ ನಿಮಿಷ ಸಾಕಾಯಿತು.

ಹೆಸರನ್ನೂ ಓದುಗರ ಮಾತಿನಲ್ಲೇ ಇಡಿ. "ವರ್ಗೀಕರಣ ಪದ್ಧತಿ" ಅಂತ ಯಾರೂ ಹುಡುಕುವುದಿಲ್ಲ. "ಕಪಾಟಿನಲ್ಲಿ ಪುಸ್ತಕ ಸಿಗ್ತಿಲ್ವಾ?" ಅಂದರೆ ನಿಂತು ನೋಡುತ್ತಾರೆ. ಮಾತನ್ನು ಅಕ್ಷರದಲ್ಲೂ ಕೊಡಿ. ಕಿವಿ ಕೇಳಿಸದವರಿಗೆ ಅದೇ ದಾರಿ. ಆಮೇಲೆ ವಿಡಿಯೋದ ಕ್ಯೂಆರ್ ಕೋಡ್ ಪ್ರಿಂಟ್ ತೆಗೆದು ಆ ಕಪಾಟಿಗೇ ಅಂಟಿಸಿ. ಗೊಂದಲ ಆಗುವ ಜಾಗದಲ್ಲೇ ಉತ್ತರ ಇರಬೇಕು.

ಉಪನ್ಯಾಸದಂಥ ಉದ್ದದ ವಿಡಿಯೋ ಆದರೆ ವಿವರಣೆಯಲ್ಲಿ 0:00ರಿಂದ ಶುರು ಮಾಡಿ ಕನಿಷ್ಠ ಮೂರು ಸಮಯ, ಪಕ್ಕದಲ್ಲಿ ವಿಷಯ ಬರೆಯಿರಿ. ಯೂಟ್ಯೂಬ್ ಅದನ್ನು ಅಧ್ಯಾಯಗಳಾಗಿ ಒಡೆಯುತ್ತದೆ.

ಹಳೆಯ ಫೋಟೋಗಳಿದ್ದರೆ ಫೋಟೋ ಹಂಚಿಕೊಳ್ಳುವ ಫ್ಲಿಕರ್ ಜಾಲತಾಣ ನೋಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರಲ್ಲಿ ಸುಮಾರು 3,000 ಫೋಟೋ ಅಲ್ಲಿ ಹಾಕಿತು. ನೋಡಿದವರು ಜನರನ್ನು, ಜಾಗಗಳನ್ನು ಗುರುತಿಸಿ ಬರೆದರು. ಸಿಬ್ಬಂದಿ ಅದನ್ನು ಪರಿಶೀಲಿಸಿ ತಮ್ಮ ದಾಖಲೆ ತಿದ್ದಿಕೊಂಡರು. ನನಗೆ ಇದು ತುಂಬಾ ಇಷ್ಟ. ಓದುಗರು ಇಲ್ಲಿ ಸುಮ್ನೆ ನೋಡಿ ಹೋಗುವುದಿಲ್ಲ, ಲೈಬ್ರರಿಗೆ ಏನಾದರೂ ಕೊಟ್ಟು ಹೋಗುತ್ತಾರೆ. ಹಾಗಾಗಿ ಫೋಟೋ ಕೆಳಗೆ ನಿಮಗೆ ಗೊತ್ತಿದ್ದದ್ದನ್ನು ಬರೆದು, "ಎಡಗಡೆ ನಿಂತವರು ಯಾರು?" ಅಂತ ನೇರವಾಗಿ ಕೇಳಿ. ಉತ್ತರ ಬಂದರೆ ಅದೇ ದಿನ ಧನ್ಯವಾದ ಹೇಳಿ.

ಫೋಟೋ ನಮ್ಮ ಬಳಿ ಇದೆ ಅಂದ ಮಾತ್ರಕ್ಕೆ ಹಕ್ಕು ನಮ್ಮದಲ್ಲ, ಮೊದಲು ವಿಚಾರಿಸಿ. ಮಕ್ಕಳ ಮುಖ ಇದ್ದರೆ ಮನೆಯವರ ಒಪ್ಪಿಗೆ ಬೇಕು. ಖಾತೆಯನ್ನು ಲೈಬ್ರರಿಯ ಇಮೇಲ್‌ನಲ್ಲೇ ತೆರೆಯಿರಿ. ಒಬ್ಬರ ಸ್ವಂತ ಇಮೇಲ್‌ನಲ್ಲಿದ್ದರೆ, ಅವರಿಗೆ ವರ್ಗವಾದ ದಿನ ಪಾಸ್‌ವರ್ಡೂ ಅವರ ಜೊತೆ ಹೋಗುತ್ತದೆ.